ಮಾರ್ಷಲ್ ಟಕರ್ ಬ್ಯಾಂಡ್ ಎರಡನೆಯ ದರ್ಜೆಯದೆ?

ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದು ನನ್ನನ್ನು ಜಗಳಕ್ಕೆ ಕರೆದಿದ್ದಾನೆ. ಹೆಸರು ಬೇಡ. 1996ರ ಹತ್ತನೆಯ ತರಗತಿಯವರಿಗೆ ಹೇಳದೆಯೂ ಗೊತ್ತಾದೀತು. ಚರ್ಚಾಸ್ಪರ್ಧೆಯಲ್ಲಿ ವಿಷಯ ಯಾವುದೇ ಇರಲಿ, ವಿರೋಧಪಕ್ಷವನ್ನೇ ಆರಿಸಿಕೊಳ್ಳುತ್ತಿದ್ದವನು ಅವನು. ಈ ಪುಟದಲ್ಲಿ ನಾನು ಹಿಂದೊಮ್ಮೆ ಮಾರ್ಷಲ್ ಟಕರ್ ಬ್ಯಾಂಡ್ ಎಂಬ ಅಮೆರಿಕದ ವಾದ್ಯವೃಂದವನ್ನು ಮೆಚ್ಚಿ ನಾಲ್ಕು ಸಾಲು ಬರೆದಿದ್ದೆನಷ್ಟೆ. ಅದು ಅವನಿಗೆ ಸರಿಬಂದಿಲ್ಲ. "ಸರ್, ನಿಮ್ಮ ಅಭಿರುಚಿಯ ಬಗ್ಗೆ ಗೌರವವಿದೆ. ಆದರೆ ಅದು ಎರಡನೆಯ ದರ್ಜೆಯ ಬ್ಯಾಂಡ್. ಆಲ್ಮನ್ ಬ್ರದರ್ಸ್ ಮತ್ತು ಲಿನರ್ಡ್ ಸ್ಕಿನರ್ಡ್ ನೆರಳಿನಲ್ಲಿ ಬೆಳೆದದ್ದು. ಒಂದು ಹಾಡು ಚೆನ್ನಾಗಿದೆ, ಉಳಿದದ್ದು ಭರ್ತಿ" ಎಂದಿದ್ದಾನೆ. ಸಾಕ್ಷ್ಯಕ್ಕೆಂದು 2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಪ್ರಕಟಿಸಿದ ನೂರು ಶ್ರೇಷ್ಠ ಗಿಟಾರ್ ವಾದಕರ ಪಟ್ಟಿಯನ್ನೂ ಲಗತ್ತಿಸಿದ್ದಾನೆ. ಅದರಲ್ಲಿ ಜಿಮಿ ಹೆಂಡ್ರಿಕ್ಸ್ ಮೊದಲನೆಯವನು, ಡ್ವೇನ್ ಆಲ್ಮನ್ ಎರಡನೆಯವನು. ಮಾರ್ಷಲ್ ಟಕರ್ ಬ್ಯಾಂಡಿನ ಟಾಯ್ ಕಾಲ್ಡ್‌ವೆಲ್‌ನ ಹೆಸರು ನೂರರೊಳಗೆ ಎಲ್ಲಿಯೂ ಇಲ್ಲ.

ಪ್ರಿಯ ಶಿಷ್ಯನೇ, ಖಾಸಗಿಯಾಗಿ ಉತ್ತರಿಸಬಹುದಿತ್ತು. ಆದರೆ ಈ ತೀರ್ಪು ನಿನ್ನೊಬ್ಬನದಲ್ಲ. ಐವತ್ತು ವರ್ಷಗಳಿಂದ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುತ್ತ, ಯಾರೂ ಮರಳಿ ಪರೀಕ್ಷಿಸದೆ ಗಟ್ಟಿಯಾಗಿಬಿಟ್ಟಿರುವ ತೀರ್ಪು ಇದು. ಆದ್ದರಿಂದ ಬಹಿರಂಗವಾಗಿಯೇ ಉತ್ತರಿಸುತ್ತೇನೆ. ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳುವ ನನ್ನ ಅಕ್ಕಂದಿರೂ ಭಾವಂದಿರೂ ಈ ಪುಟವನ್ನು ಓದುವುದರಿಂದ, ಮೊದಲು ಅವರಿಗಾಗಿ ಒಂದೆರಡು ಮಾತು.

ಸದರ್ನ್ ರಾಕ್ ಎಂದಾಗ ದಕ್ಷಿಣವೆಂದರೆ ಅಮೆರಿಕದ ದಕ್ಷಿಣ: ಜಾರ್ಜಿಯಾ, ಫ್ಲಾರಿಡಾ, ಅಲಬಾಮಾ, ಕೆರೊಲಿನಾಗಳು. ಹತ್ತಿಯ ಹೊಲಗಳ, ನೂಲಿನ ಗಿರಣಿಗಳ, ಗುಲಾಮಗಿರಿಯ ಚರಿತ್ರೆಯ ನಾಡು. ಕರಿಯರ ಬ್ಲೂಸ್ ಮತ್ತು ಗಾಸ್ಪೆಲ್, ಬೆಟ್ಟದ ಬಿಳಿಯರ ಪಿಟೀಲಿನ ಹಾಡುಗಳು, ಕಂಟ್ರಿ, ಜಾಝ್ ಇವೆಲ್ಲವೂ ಒಂದೇ ನೆಲದಲ್ಲಿ ಬೆಳೆದವು. 1970ರ ದಶಕದ ಆರಂಭದಲ್ಲಿ ಆ ಭಾಗದ ಯುವಕರು ಇವನ್ನೆಲ್ಲ ವಿದ್ಯುತ್ ಗಿಟಾರಿನ ಮೇಲೆ ತಂದು ನುಡಿಸತೊಡಗಿದಾಗ ಪತ್ರಿಕೆಗಳು ಅದಕ್ಕೆ ಈ ಹೆಸರು ಇಟ್ಟವು. ಜಾರ್ಜಿಯಾದ ಮೇಕನ್ ಎಂಬ ಊರಿನಲ್ಲಿ ಫಿಲ್ ವಾಲ್ಡನ್ ಎಂಬಾತ ನಡೆಸುತ್ತಿದ್ದ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಸಂಸ್ಥೆ ಇದರ ತವರುಮನೆ.

ಮಾರ್ಷಲ್ ಟಕರ್ ಬ್ಯಾಂಡ್ ಹುಟ್ಟಿದ್ದು 1972ರಲ್ಲಿ, ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಎಂಬ ಗಿರಣಿಗಳ ಊರಿನಲ್ಲಿ. ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿರುವ ನನ್ನ ತಂಗಿಯ ಮಗ 2019ರಲ್ಲಿ ನನ್ನನ್ನು ಕಾರಿನಲ್ಲಿ ಆ ಊರಿನ ಮೂಲಕ ಕರೆದೊಯ್ದಿದ್ದ. ನನ್ನ ಕಿವಿಗೆ ಈ ಸಂಗೀತ ಮೊದಲು ಬಿದ್ದದ್ದೇ ಆ ಪ್ರಯಾಣದಲ್ಲಿ, ಅವನ ಕಾರಿನೊಳಗೆ. ನಿವೃತ್ತಿಯ ಬಳಿಕ ಕೈತುಂಬ ಸಮಯವಿದ್ದುದರಿಂದ ಹಿಂದಿರುಗಿದ ಮೇಲೆ ಒಂದೊಂದೇ ಆಲ್ಬಂ ಹುಡುಕಿ, ಕ್ರಮವಾಗಿ ಕೇಳಿದ್ದೇನೆ. ಅಭಿಪ್ರಾಯ ಹೇಳುವ ಅರ್ಹತೆಗೆ ನನ್ನಲ್ಲಿರುವ ಪ್ರಮಾಣಪತ್ರ ಇಷ್ಟೇ.

ಬ್ಯಾಂಡಿನಲ್ಲಿ ಆರು ಮಂದಿ. ಮುಖ್ಯ ಗಿಟಾರ್ ಮತ್ತು ಬಹುಪಾಲು ಹಾಡುಗಳ ರಚನೆ ಟಾಯ್ ಕಾಲ್ಡ್‌ವೆಲ್‌ನದು. ಬಾಸ್ ಗಿಟಾರ್ ಅವನ ತಮ್ಮ ಟಾಮಿಯದು. ಡಗ್ ಗ್ರೇ ಗಾಯಕ. ಜಾರ್ಜ್ ಮೆಕಾರ್ಕಲ್ ರಿದಂ ಗಿಟಾರ್, ಪಾಲ್ ರಿಡಲ್ ಡ್ರಮ್ಸ್, ಜೆರ್ರಿ ಯೂಬ್ಯಾಂಕ್ಸ್ ಕೊಳಲು ಮತ್ತು ಸ್ಯಾಕ್ಸೊಫೋನ್. ಮಾರ್ಷಲ್ ಟಕರ್ ಎಂಬುವನು ಇವರಲ್ಲಿ ಯಾರೂ ಅಲ್ಲ! ಅಭ್ಯಾಸಕ್ಕೆಂದು ಬಾಡಿಗೆಗೆ ಹಿಡಿದಿದ್ದ ಹಳೆಯ ಉಗ್ರಾಣದ ಬೀಗದಕೈಗೆ ಆ ಹೆಸರಿನ ಬಿಲ್ಲೆಯೊಂದು ತೂಗುತ್ತಿತ್ತು, ಬ್ಯಾಂಡಿಗೆ ತುರ್ತಾಗಿ ಒಂದು ಹೆಸರು ಬೇಕಿತ್ತು, ಇಟ್ಟುಬಿಟ್ಟರು. ಆತ ಆ ಜಾಗವನ್ನು ಹಿಂದೆ ಬಾಡಿಗೆಗೆ ಹಿಡಿದಿದ್ದ, ಕಣ್ಣು ಕಾಣದ ಪಿಯಾನೊ ಶ್ರುತಿಗಾರ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಆ ಹಿರಿಯರು ಬ್ಯಾಂಡಿನ ಮೂವರಿಗಿಂತ ಹೆಚ್ಚು ಕಾಲ ಬಾಳಿ, 2023ರ ಜನವರಿಯಲ್ಲಿ 99ನೆಯ ವಯಸ್ಸಿನಲ್ಲಿ ತೀರಿಕೊಂಡರು. (ಲಿನರ್ಡ್ ಸ್ಕಿನರ್ಡ್ ಎಂಬ ಹೆಸರಿನ ಮೂಲ ಗೊತ್ತೆ? ಉದ್ದಕೂದಲು ಬಿಟ್ಟ ಹುಡುಗರನ್ನು ಗದರಿಸುತ್ತಿದ್ದ ಲೆನರ್ಡ್ ಸ್ಕಿನರ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು! ಶಿಷ್ಯರು ಗುರುವನ್ನು ಅಣಕಿಸಿ ಅಮರನನ್ನಾಗಿ ಮಾಡಿದ ಇನ್ನೊಂದು ಉದಾಹರಣೆ ನನಗೆ ತಿಳಿಯದು. ನೀವು ನನಗೆ ಇಟ್ಟಿದ್ದ ಅಡ್ಡಹೆಸರು ನನಗೆ ಗೊತ್ತಿಲ್ಲವೆಂದು ಭಾವಿಸಬೇಡಿ.)

ಇನ್ನು ವಾದಕ್ಕೆ ಬರೋಣ.

ನಾನು ಎಷ್ಟೋ ವರ್ಷ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದವನು. ಕೇಂದ್ರದಲ್ಲಿ ನಮ್ಮ ಕೈಗೆ ಮೊದಲು ಬರುವುದು ಮಾದರಿ ಉತ್ತರಗಳ ಹಾಳೆ. ಇಂಥ ಅಂಶವಿದ್ದರೆ ಒಂದು ಅಂಕ, ಇಂಥದಿದ್ದರೆ ಅರ್ಧ ಅಂಕ. ಸಾವಿರಾರು ಪತ್ರಿಕೆಗಳಿಗೆ ನ್ಯಾಯ ಸಲ್ಲಬೇಕಾದರೆ ಅಂಥದೊಂದು ಹಾಳೆ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಪ್ರತಿವರ್ಷವೂ ಒಂದೋ ಎರಡೋ ಪತ್ರಿಕೆ ಸಿಗುತ್ತಿತ್ತು: ಹುಡುಗಿ ಪ್ರಶ್ನೆಯನ್ನು ನಿಜವಾಗಿಯೂ ಅರ್ಥ ಮಾಡಿಕೊಂಡು, ತನ್ನದೇ ದಾರಿಯಲ್ಲಿ ನಡೆದು, ಸರಿಯಾದ ಜಾಗಕ್ಕೇ ತಲುಪಿರುತ್ತಾಳೆ, ಹಾಳೆಯಲ್ಲಿರುವ ಒಂದು ಪದವೂ ಅವಳ ಉತ್ತರದಲ್ಲಿ ಇರುವುದಿಲ್ಲ. ಅವಸರದ ಮೌಲ್ಯಮಾಪಕ ಅಲ್ಲಿ ಸೊನ್ನೆ ಸುತ್ತಿ ಮುಂದೆ ಹೋಗುತ್ತಾನೆ.

ಸದರ್ನ್ ರಾಕ್ ವಿಷಯದಲ್ಲಿಯೂ ಅಂಥದೊಂದು ಹಾಳೆ ಸಿದ್ಧವಾಯಿತು. ಅದನ್ನು ಸಿದ್ಧಪಡಿಸಿದ್ದು ಎರಡು ಬ್ಯಾಂಡುಗಳನ್ನು ಮುಂದಿಟ್ಟುಕೊಂಡು. ಆಲ್ಮನ್ ಬ್ರದರ್ಸ್‌ನಲ್ಲಿ ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ ಇಬ್ಬರೂ ಜೋಡಿ ಗಿಟಾರಿನಲ್ಲಿ ಒಟ್ಟಿಗೆ ಹಾಡುತ್ತಿದ್ದರು. ಸ್ಕಿನರ್ಡ್‌ನಲ್ಲಿ ಗಿಟಾರುಗಳು ಮೂರು. ಹೀಗಾಗಿ ಗಿಟಾರುಗಳ ಸಂಖ್ಯೆಗೆ ಇಷ್ಟು ಅಂಕ, ಅಬ್ಬರಕ್ಕೆ ಇಷ್ಟು, ಕೊನೆಯಲ್ಲಿ ಎಲ್ಲರೂ ಎದ್ದು ನಿಲ್ಲುವಂಥ ದೀರ್ಘ ವಾದನಕ್ಕೆ ಇಷ್ಟು, ತೊಡೆ ತಟ್ಟುವ ಠೀವಿಗೆ ಇಷ್ಟು ಎಂದು ನಿಗದಿಯಾಯಿತು. ಮಾರ್ಷಲ್ ಟಕರ್ ಬ್ಯಾಂಡಿನ ಉತ್ತರಪತ್ರಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಖ್ಯ ಗಿಟಾರ್ ಒಂದೇ. ಎರಡನೆಯ ಗಿಟಾರ್ ಉರಿಯಬೇಕಾದ ಜಾಗದಲ್ಲಿ ಒಂದು ಕೊಳಲು! ಸೊನ್ನೆ ಬೀಳದೆ ಇನ್ನೇನಾದೀತು?

ನನ್ನ ಮಾತು ಇಷ್ಟೇ. ಆ ಎರಡು ಬ್ಯಾಂಡುಗಳು ದೊಡ್ಡವು. ಅವನ್ನು ಇಳಿಸುವುದು ನನ್ನ ಉದ್ದೇಶವಲ್ಲ. ಆದರೆ ಮಾರ್ಷಲ್ ಟಕರ್ ಬ್ಯಾಂಡ್ ಅವರ ಪ್ರಶ್ನೆಗೆ ಬರೆದ ಕಳಪೆ ಉತ್ತರವಲ್ಲ. ಅದು ಬೇರೆಯೇ ಪ್ರಶ್ನೆಗೆ ಬರೆದ ಒಳ್ಳೆಯ ಉತ್ತರ. ಆ ಪ್ರಶ್ನೆ ಯಾವುದೆಂದರೆ, ಗಿಟಾರ್ ಪ್ರಧಾನವಾದ ಸಂಗೀತದಲ್ಲಿ ಗಿಟಾರ್ ಎಷ್ಟು ಹೊತ್ತು ಸುಮ್ಮನಿರಬಲ್ಲುದು, ಮತ್ತು ಆ ಮೌನದಿಂದ ಎದ್ದು ಬಂದಾಗ ಅದು ಏನು ಹೇಳಬಲ್ಲುದು?

ಟಾಯ್ ಕಾಲ್ಡ್‌ವೆಲ್‌ನ ಕೈಯನ್ನು ಗಮನಿಸಬೇಕು. ಸಿತಾರಿನವರು ಬೆರಳಿಗೆ ಮಿಜರಾಬ್ ತೊಡುವಂತೆ, ವಿದ್ಯುತ್ ಗಿಟಾರಿನವರು ಬಹುತೇಕ ಎಲ್ಲರೂ ಪಿಕ್ ಎಂಬ ಪ್ಲಾಸ್ಟಿಕ್ಕಿನ ಚೂರನ್ನು ಹಿಡಿದು ತಂತಿ ಮೀಟುತ್ತಾರೆ. ವೇಗ ಮತ್ತು ಕಡಕು ಬರುವುದು ಅದರಿಂದಲೇ. ಟಾಯ್ ಅದನ್ನು ಹಿಡಿಯಲಿಲ್ಲ. ಬರಿಯ ಬಲಗೈ ಹೆಬ್ಬೆರಳಿನಿಂದ ನುಡಿಸಿದ. ಪಿಕ್‌ನ ಗೀರುವ ಸದ್ದು ಅವನ ಸ್ವರಗಳಲ್ಲಿಲ್ಲ. ಸ್ವರ ದುಂಡಗೆ, ಮಾಂಸಲವಾಗಿ ಹೊರಡುತ್ತದೆ. ಎಲ್ಲರೂ ಧ್ವನಿವರ್ಧಕವನ್ನು ಹಿಗ್ಗಾಮುಗ್ಗಾ ಏರಿಸಿ ನಾದವನ್ನು ಒಡಕಾಗಿಸುತ್ತಿದ್ದ ಆ ಕಾಲದಲ್ಲಿ ಅವನ ನಾದ ತಿಳಿಯಾಗಿಯೇ ಉಳಿಯಿತು. ಬೇಕೆಂದಾಗ ಅದೇ ಹೆಬ್ಬೆರಳು ಮಳೆಹನಿಯಂತೆ ಒಂದೇ ಸಮನೆ ಸ್ವರ ಸುರಿಸುತ್ತದೆ. ಅದು ಹೇಗೆ ಸಾಧ್ಯವೆಂದು ಗಿಟಾರ್ ಕಲಿತವರೇ ಕೇಳುತ್ತಾರೆ. ಜಾಝ್ ಲೋಕದಲ್ಲಿ ವೆಸ್ ಮಾಂಟ್ಗೊಮೆರಿ ಹೆಬ್ಬೆರಳಿನಿಂದಲೇ ನುಡಿಸಿದ, ಅದಕ್ಕಾಗಿಯೇ ಪೂಜಿತನಾದ. ಅದೇ ಹೆಬ್ಬೆರಳು ಕೆರೊಲಿನಾದ ಗಿರಣಿ ಊರಿನವನಲ್ಲಿ ಕಂಡಾಗ ಲೆಕ್ಕಕ್ಕೆ ಬರಲಿಲ್ಲ. ಏಕಲವ್ಯನ ಕಥೆ ಕಲಿಸುವಾಗಲೆಲ್ಲ ನೀವು ದ್ರೋಣನ ಮೇಲೆ ಸಿಟ್ಟಾಗುತ್ತಿದ್ದಿರಿ. ಇಲ್ಲಿ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ, ನಿಜ. ನೋಡದೆ ಬಿಟ್ಟರು.

ಅವನು ವಿಯೆಟ್ನಾಂ ಯುದ್ಧದಲ್ಲಿ ಮೆರೀನ್ ಸೈನಿಕನಾಗಿ ಹೋರಾಡಿ, 1968ರಲ್ಲಿ ಗಾಯಗೊಂಡು ಊರಿಗೆ ಮರಳಿದವನು ಎಂಬುದನ್ನೂ ಹೇಳಬೇಕು. ಅವನ ಹಾಡುಗಳಲ್ಲಿ ಜನ ಸದಾ ಎಲ್ಲಿಗೋ ಹೊರಟಿರುತ್ತಾರೆ: ರೈಲು, ಹೆದ್ದಾರಿ, ಬೆಟ್ಟ. ಆದರೆ ಯುದ್ಧದ ಬಡಾಯಿಯನ್ನು ನಾನು ಅಲ್ಲಿ ಕೇಳಿಲ್ಲ.

ಈಗ ನಿನ್ನ 'ಒಂದು ಹಾಡು' ಎಂಬ ಆಕ್ಷೇಪ. ಆ ಹಾಡು 'ಕಾಂಟ್ ಯು ಸೀ'. 1973ರ ಮೊದಲ ಆಲ್ಬಂನದು. ಮೂರೇ ಸ್ವರಮೇಳಗಳು, ಕಲಿಯುವ ಹುಡುಗರು ಒಂದು ಸಂಜೆಯಲ್ಲಿ ಹಿಡಿದುಬಿಡುತ್ತಾರೆ. ಮೆಲುದನಿಯ ಗಿಟಾರಿನ ಮೇಲೆ ಕೊಳಲು ತೇಲಿ ಬರುತ್ತದೆ, ಆಮೇಲೆ ಪ್ರೇಮದಲ್ಲಿ ಸೋತ ಗಂಡಸೊಬ್ಬ ರೈಲು ಹತ್ತಿ ದೂರ ಹೋಗುವ ಮಾತಾಡುತ್ತಾನೆ. ಬ್ಯಾಂಡಿನಲ್ಲಿ ಡಗ್ ಗ್ರೇಯಂಥ ತುಂಬು ಕಂಠದ ಗಾಯಕನಿದ್ದೂ ಈ ಹಾಡನ್ನು ಟಾಯ್ ತಾನೇ ಹಾಡಿದ. ಅವನ ಕಂಠ ಪಳಗಿದ್ದಲ್ಲ. ಒರಟು, ಬಳಲಿದ ಧ್ವನಿ. ಹಾಡು ನಂಬುವಂತಾದದ್ದು ಅದರಿಂದಲೇ. 1976ರಲ್ಲಿ ವೇಲನ್ ಜೆನಿಂಗ್ಸ್ ಹಾಡಿದ ಮೇಲೆ ಕಂಟ್ರಿಯವರಿಗೂ ಅದು ಬೇಕಾಯಿತು. 2001ರ 'ಬ್ಲೋ' ಚಲನಚಿತ್ರದಲ್ಲಿಯೂ ಕೇಳಿಬಂತು. ಒಳ್ಳೆಯ ಹಾಡು, ಎರಡು ಮಾತಿಲ್ಲ.

ಆದರೆ ಇಲ್ಲಿ ನಾನು ಅಭಿಮಾನಿಗಳೊಂದಿಗೂ ಜಗಳವಾಡಬೇಕು. ವಿಮರ್ಶಕರಿಗಿಂತ ಹೆಚ್ಚು ಅನ್ಯಾಯ ಅವರದು. ಈ ಬ್ಯಾಂಡನ್ನು ಲೋಕ ಕಡೆಗಣಿಸಿದೆ ಎಂದು ಹಲುಬುವವರು, ಹೊಸಬನೊಬ್ಬ ಬಂದು "ಏನು ಕೇಳಲಿ?" ಎಂದಾಗ ಮತ್ತೆ ಆ ಒಂದು ಹಾಡಿನತ್ತಲೇ ಬೆರಳು ತೋರುತ್ತಾರೆ. ಕಛೇರಿ ಆರಂಭವಾಗುತ್ತಲೇ ಅದನ್ನೇ ಹಾಡಿ ಎಂದು ಕೂಗುತ್ತಾರೆ. 'ಕಡೆಗಣಿಸಲ್ಪಟ್ಟವರು' ಎಂಬ ಮಾತಿನಲ್ಲಿ ಒಂದು ಸುಖವಿದೆ, ಗಮನಿಸಿದ್ದೀರಾ? ಎಲ್ಲರಿಗೂ ತಿಳಿಯದ್ದು ತನಗೆ ತಿಳಿದಿದೆ ಎಂಬ ಸುಖ. ಆ ಸುಖಕ್ಕಾಗಿ ಬ್ಯಾಂಡು ಕಡೆಗಣನೆಯಲ್ಲಿಯೇ ಉಳಿಯಲಿ ಎಂದು ಒಳಗೊಳಗೇ ಬಯಸುವ ಅಭಿಮಾನಿಗಳೂ ಇದ್ದಾರೆ. ನಮ್ಮಲ್ಲಿಯೂ ಒಬ್ಬ ಕವಿಯ ಒಂದೇ ಭಾವಗೀತೆಯನ್ನು ಕಂಠಪಾಠ ಮಾಡಿಕೊಂಡು, ಅವನ ಉಳಿದ ಹತ್ತು ಸಂಕಲನಗಳನ್ನು ಕಪಾಟಿನಲ್ಲಿ ಧೂಳು ತಿನ್ನಲು ಬಿಟ್ಟು, 'ಕನ್ನಡಿಗರು ಅವನನ್ನು ಮರೆತರು' ಎಂದು ಭಾಷಣ ಮಾಡುವವರಿಲ್ಲವೆ?

ಹಾಗಲ್ಲದ ಅಭಿಮಾನಿಗಳೂ ಇದ್ದಾರೆ. ಯಾವ ಹಾಡಿನಲ್ಲಿ ಸ್ಟೀಲ್ ಗಿಟಾರ್ ಯಾರದು, ಯಾವ ಆಲ್ಬಂನಲ್ಲಿ ಪಿಟೀಲು ಚಾರ್ಲಿ ಡೇನಿಯಲ್ಸ್‌ನದು ಎಂದು ನೆನಪಿಟ್ಟುಕೊಂಡು ಹೇಳುವವರು. ಹೊಗಳುವುದಕ್ಕಿಂತ ಹೆಚ್ಚಾಗಿ ತೋರಿಸಿಕೊಡುವವರು. ಸಹೃದಯ ಎಂಬ ಹಳೆಯ ಮಾತು ಸಲ್ಲುವುದು ಇಂಥವರಿಗೆ. ನನಗೆ ದಾರಿ ತೋರಿದ ಸೋದರಳಿಯ ಈ ಜಾತಿಯವನು. ಅವನು ಕಾರಿನಲ್ಲಿ ಮೊದಲು ಹಾಕಿದ್ದು 'ಕಾಂಟ್ ಯು ಸೀ' ಅಲ್ಲ.

ಅವನು ಹಾಕಿದ್ದು 1974ರ 'ವೇರ್ ವಿ ಆಲ್ ಬಿಲಾಂಗ್' ಎಂಬ ಜೋಡಿ ಆಲ್ಬಂನ ಎರಡನೆಯ ತಟ್ಟೆಯನ್ನು. ಮೊದಲ ತಟ್ಟೆ ಸ್ಟುಡಿಯೋದ್ದು. ಎರಡನೆಯದು ಅದೇ ವರ್ಷ ಮಿಲ್ವಾಕಿಯ ರಂಗಮಂದಿರವೊಂದರಲ್ಲಿ ಜನರ ಎದುರು ನುಡಿಸಿದ್ದು. ಅದರಲ್ಲಿ '24 ಅವರ್ಸ್ ಅಟ್ ಎ ಟೈಮ್' ಎಂಬುದಿದೆ, ಸುಮಾರು 14 ನಿಮಿಷ. ಹಾಡಿನ ಭಾಗ ಸರಳ: ಹಗಲಿರುಳು ವಾಹನ ಓಡಿಸಿ ಮನೆಯ ಕಡೆಗೆ ಬರುವವನ ಹಂಬಲ. ಹಾಡು ಮುಗಿದ ಮೇಲೆ ನಿಜವಾದ ಪ್ರಯಾಣ ಶುರುವಾಗುತ್ತದೆ. ಇಲ್ಲಿ ಕಿವಿಯನ್ನು ಗಿಟಾರಿನಿಂದ ತೆಗೆದು ಸ್ವಲ್ಪ ಹೊತ್ತು ಡ್ರಮ್ಸಿನ ಮೇಲಿಡಿ. ಪಾಲ್ ರಿಡಲ್ ಜಾಝ್ ಕೇಳಿ ಬೆಳೆದವನು. ರಾಕ್‌ನ ಡ್ರಮ್ಸಿನವರು ಸಾಮಾನ್ಯವಾಗಿ ಲೆಕ್ಕವನ್ನು ಗೂಟ ಹೊಡೆದಂತೆ ಹೊಡೆಯುತ್ತಾರೆ; ಇವನು ಅದನ್ನು ತೂಗುತ್ತಾನೆ. ಟಾಮಿಯ ಬಾಸ್ ಅಣ್ಣನ ಗಿಟಾರಿನ ಕೆಳಗೆ ಸುಮ್ಮನೆ ನೆಲ ಹಾಸಿ ಕೊಡದೆ, ಅದನ್ನು ಕೆಣಕುತ್ತ, ಓಡಿಸುತ್ತ ಹೋಗುತ್ತದೆ. ಮೆಕಾರ್ಕಲ್ ಎಲ್ಲಿಯೂ ಮುಂದೆ ಬಾರದೆ ಎಲ್ಲವನ್ನೂ ಹಿಡಿದಿಡುತ್ತಾನೆ. ಟಾಯ್ ಒಂದು ವಾಕ್ಯ ನುಡಿಸಿ ಬಿಡುತ್ತಾನೆ, ಅದಕ್ಕೆ ಉತ್ತರ ಬರಲೆಂದು ಕಾಯುತ್ತಾನೆ. ನಮ್ಮ ಕಛೇರಿಗಳಲ್ಲಿ ಪಿಟೀಲು ವಿದ್ವಾಂಸರು ಗಾಯಕರ ಸಂಗತಿಯನ್ನು ಎತ್ತಿಕೊಂಡು ಹಿಂದಿರುಗಿಸುವುದನ್ನು ಕೇಳಿ ಬೆಳೆದ ನನಗೆ, ಇದು ಪರಭಾಷೆ ಎಂದು ಅನ್ನಿಸಲೇ ಇಲ್ಲ. ಈ 14 ನಿಮಿಷ ಕೇಳಿದ ಮೇಲೆಯೂ 'ಭರ್ತಿ' ಎನ್ನುವವರೊಡನೆ ನನ್ನ ಮಾತು ಮುಗಿಯಿತು.

ಕೊಳಲಿನ ಬಗ್ಗೆ ಇನ್ನೊಂದು ಮಾತು. ರಾಕ್‌ನಲ್ಲಿ ಕೊಳಲೆಂದರೆ ಎಲ್ಲರೂ ಇಂಗ್ಲೆಂಡಿನ ಜೆತ್ರೊ ಟಲ್‌ನ ಇಯಾನ್ ಆಂಡರ್ಸನ್‌ನನ್ನು ನೆನೆಯುತ್ತಾರೆ. ಅವನದು ನಾಟಕೀಯ ವಾದನ; ಉಸಿರಿನ ಸದ್ದೂ ಕೇಳಬೇಕು, ಕೊಳಲೇ ನಾಯಕನಾಗಬೇಕು. ಯೂಬ್ಯಾಂಕ್ಸ್‌ನ ಕೊಳಲು ಹಾಗಲ್ಲ. ಮೊದಲ ಆಲ್ಬಂನ ಮೊದಲ ಹಾಡು 'ಟೇಕ್ ದ ಹೈವೇ' ಕೇಳಿದರೆ ತಿಳಿಯುತ್ತದೆ: ಗಿಟಾರ್ ಒಯ್ಯಲಾರದ ಎತ್ತರಕ್ಕೆ ಹಾಡನ್ನು ಒಯ್ದು, ಅಲ್ಲಿಂದ ಗಿಟಾರಿನ ಕೈಗೆ ಒಪ್ಪಿಸಿ, ತಾನು ಸರಿದು ನಿಲ್ಲುತ್ತದೆ. ಅದೇ ಕೊಳಲು ಇನ್ನೊಂದು ಗಿಟಾರ್ ಆಗಿದ್ದರೆ ಅಲ್ಲಿ ಪಂದ್ಯ ನಡೆಯುತ್ತಿತ್ತು. ಪಂದ್ಯವನ್ನು ಬಯಸುವವರಿಗೆ ಇದು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ.

ಕಡೆಗಣನೆಗೆ ಇನ್ನೂ ಒಂದು ಕಾರಣವಿದೆ, ಅದು ಅಂಗಡಿಯದು. ಧ್ವನಿಮುದ್ರಿಕೆಗಳನ್ನು ಮಾರುವವನಿಗೆ ಪ್ರತಿಯೊಂದನ್ನೂ ಯಾವುದಾದರೂ ಒಂದು ಖಾನೆಯಲ್ಲಿ ಇಡಬೇಕು. ರೇಡಿಯೋದವರಿಗೂ ಹಾಗೆಯೇ. ಈ ಬ್ಯಾಂಡನ್ನು ಎಲ್ಲಿಡಬೇಕು? 'ದಿಸ್ ಓಲ್ ಕೌಬಾಯ್' ಕೇಳಿದರೆ ದನಗಾಹಿಯ ಹಾಡಿಗೆ ಜಾಝ್‌ನ ತೂಗು. 'ಆಬ್ಸ್ ಸಾಂಗ್' ಟಾಯ್ ತನ್ನ ಹೆಂಡತಿಗಾಗಿ ಬರೆದ ಪುಟ್ಟ ಹಾಡು, ರಾಕ್ ಎಂಬುದರ ಸುಳಿವೂ ಇಲ್ಲ. 1976ರ 'ಲಾಂಗ್ ಹಾರ್ಡ್ ರೈಡ್' ಮಾತೇ ಇಲ್ಲದ ವಾದ್ಯಕೃತಿ, ಕುದುರೆಯ ಓಟ. ಮೆಕಾರ್ಕಲ್ ಬರೆದ 'ಫೈರ್ ಆನ್ ದ ಮೌಂಟನ್' 1975ರ 'ಸರ್ಚಿನ್ ಫಾರ್ ಎ ರೇನ್‌ಬೋ' ಆಲ್ಬಂನದು. ಕೆರೊಲಿನಾ ಬಿಟ್ಟು ಕ್ಯಾಲಿಫೋರ್ನಿಯಾದ ಚಿನ್ನದ ಆಸೆಗೆ ಹೊರಟ ಸಂಸಾರದ ಕಥೆ ಅದು. ನಾನು ಪಾಠ ಮಾಡುವಾಗ ಈ ಹಾಡು ಗೊತ್ತಿದ್ದಿದ್ದರೆ 1849ರ ಚಿನ್ನದ ಧಾವಂತವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿರಲಿಲ್ಲ, ಕೇಳಿಸುತ್ತಿದ್ದೆ. ಅದರಲ್ಲಿ ಸ್ಟೀಲ್ ಗಿಟಾರಿನ ನಾದ ಜಾರುತ್ತ ಸಾಗುತ್ತದೆ. ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಈ ವಾದ್ಯ ನಮ್ಮ ಗೋಟುವಾದ್ಯದ ಬಂಧು. ಗಮಕ ಬಲ್ಲ ಕಿವಿಗೆ ತಟ್ಟನೆ ಹತ್ತುತ್ತದೆ. ರಾಕ್‌ನವರು ಇದನ್ನು ಕಂಟ್ರಿ ಎಂದು ತಳ್ಳಿದರು, ಕಂಟ್ರಿಯವರು ರಾಕ್ ಎಂದು ದೂರವಿಟ್ಟರು, ಜಾಝ್‌ನವರು ತಿರುಗಿಯೂ ನೋಡಲಿಲ್ಲ. ಮೂರು ಮನೆಯ ನೆಂಟ ಹಸಿದು ಮಲಗಿದ ಎಂಬಂತಾಯಿತು. ಆದರೂ 1977ರಲ್ಲಿ 'ಹರ್ಡ್ ಇಟ್ ಇನ್ ಎ ಲವ್ ಸಾಂಗ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೆ ಏರಿತು. ಅಂದರೆ ಕೇಳುಗರು ಮುಖ ತಿರುಗಿಸಿರಲಿಲ್ಲ. ಮುಖ ತಿರುಗಿಸಿದವರು ಪಟ್ಟಿ ಬರೆಯುವವರು.

ಒಂದು ಗಂಭೀರವಾದ ಆಕ್ಷೇಪವನ್ನು ನೀನು ಎತ್ತಿಲ್ಲ; ಆದರೂ ಸಮಾಜ ವಿಜ್ಞಾನ ಕಲಿಸಿದ ನಾನು ಅದನ್ನು ದಾಟಿ ಹೋಗಲಾರೆ. ಸದರ್ನ್ ರಾಕ್ ಎಂದೊಡನೆ ಅನೇಕರ ಕಣ್ಣಿಗೆ ಕಟ್ಟುವುದು ದಕ್ಷಿಣದ ಒಕ್ಕೂಟದ ಆ ಯುದ್ಧಧ್ವಜ. ಸ್ಕಿನರ್ಡ್ ಅದನ್ನು ವೇದಿಕೆಯ ಮೇಲೆ ತೂಗುಹಾಕಿದ್ದುಂಟು. ಅದು ಕೇವಲ ಪ್ರಾದೇಶಿಕ ಅಭಿಮಾನದ ಗುರುತು ಎಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. 1860ರ ಡಿಸೆಂಬರ್‌ನಲ್ಲಿ ಒಕ್ಕೂಟದಿಂದ ಮೊದಲು ಸಿಡಿದು ಹೋದ ರಾಜ್ಯ ದಕ್ಷಿಣ ಕೆರೊಲಿನಾ; ಹೋದದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ಆ ರಾಜ್ಯದ ಶಾಸನಸಭೆಯ ಆವರಣದಿಂದ ಧ್ವಜ ಇಳಿದದ್ದು 2015ರ ಜುಲೈ 10ರಂದು, ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದ ಒಂಬತ್ತು ಮಂದಿ ಕರಿಯರನ್ನು ಕೊಂದ ಮೇಲೆ. ಇದೆಲ್ಲವೂ ಆ ಸಂಗೀತದ ಹಿನ್ನೆಲೆಯಲ್ಲಿದೆ, ಕಣ್ಣು ಮುಚ್ಚಿ ಕೇಳಿದರೆ ಹೋಗುವುದಿಲ್ಲ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕ್ಯಾಪ್ರಿಕಾರ್ನ್ ಕಟ್ಟಿದ ಫಿಲ್ ವಾಲ್ಡನ್ ಅದಕ್ಕೆ ಮೊದಲು ಕರಿಯ ಗಾಯಕ ಓಟಿಸ್ ರೆಡ್ಡಿಂಗ್‌ನ ವ್ಯವಸ್ಥಾಪಕನಾಗಿದ್ದವನು. ಆಲ್ಮನ್ ಬ್ರದರ್ಸ್‌ನಲ್ಲಿ ಜೇಮೊ ಎಂಬ ಕರಿಯ ಡ್ರಮ್ ವಾದಕ ಆರಂಭದಿಂದಲೇ ಇದ್ದ. ಮಾರ್ಷಲ್ ಟಕರ್ ಬ್ಯಾಂಡಿನ ಆರೂ ಮಂದಿ ಬಿಳಿಯರು. ಆದರೆ ಮಿಲ್ವಾಕಿಯ ಅದೇ ತಟ್ಟೆಯಲ್ಲಿ ಅವರು ಬಿ. ಬಿ. ಕಿಂಗ್ ಪ್ರಸಿದ್ಧಗೊಳಿಸಿದ ಬ್ಲೂಸ್ ಒಂದನ್ನು ನುಡಿಸುತ್ತಾರೆ. ತಾವು ಯಾರಿಂದ ಕಲಿತೆವೆಂಬುದನ್ನು ಅವರ ಕೈ ಮರೆಮಾಚುವುದಿಲ್ಲ. ಇದು ಚರಿತ್ರೆಯ ಸಾಲವನ್ನು ತೀರಿಸುತ್ತದೆಯೆ? ಇಲ್ಲ. ಆದರೆ ಇಡೀ ಒಂದು ಸಂಗೀತವನ್ನು ಒಂದು ಬಟ್ಟೆಯ ತುಂಡಿನಲ್ಲಿ ಸುತ್ತಿ ಮೂಲೆಗಿಡುವವರು, ಅದರೊಳಗಿನ ಕರಿಯರ ಪಾಲನ್ನೂ ಜೊತೆಗೇ ಸುತ್ತಿ ಇಡುತ್ತಿದ್ದಾರೆ ಎಂಬುದನ್ನು ತಿಳಿದಿರಬೇಕು.

ಇನ್ನೊಂದನ್ನು ಹೇಳಲು ಸಂಕೋಚವಾಗುತ್ತದೆ, ಹೇಳುತ್ತೇನೆ. ಲೋಕ ಕಲಾವಿದನ ಸಾವಿಗೂ ಅಂಕ ಕೊಡುತ್ತದೆ. ಡ್ವೇನ್ ಆಲ್ಮನ್ 1971ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಸತ್ತಾಗ ಅವನಿಗೆ 24. 1977ರ ಅಕ್ಟೋಬರ್‌ನಲ್ಲಿ ಸ್ಕಿನರ್ಡ್‌ನ ವಿಮಾನ ಬಿದ್ದಿತು. ಆ ಘೋರ ದುರಂತಗಳು ಆ ಬ್ಯಾಂಡುಗಳ ಕಥೆಗೆ ಪುರಾಣದ ಪ್ರಭೆ ಕೊಟ್ಟವು. ಸ್ಪಾರ್ಟನ್‌ಬರ್ಗಿನ ದುಃಖ ಸದ್ದಿಲ್ಲದ್ದು. 1980ರ ಮಾರ್ಚ್‌ನಲ್ಲಿ ಕಾಲ್ಡ್‌ವೆಲ್ ಸೋದರರಲ್ಲಿ ಇನ್ನೊಬ್ಬನಾದ ಟಿಮ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಒಂದು ತಿಂಗಳು ತುಂಬುವ ಹೊತ್ತಿಗೆ, ಏಪ್ರಿಲ್ 28ರಂದು, ಟಾಮಿಯೂ ಕಾರಿನ ಅಪಘಾತದ ಗಾಯಗಳಿಂದ ಹೋದ. ವಯಸ್ಸು 30. ಒಂದೇ ತಾಯಿ ಒಂದೇ ತಿಂಗಳಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡಳು. ವೇದಿಕೆಯ ಮೇಲೆ ಬ್ಯಾಂಡನ್ನು ನಡೆಸುತ್ತಿದ್ದವನು ಟಾಮಿಯೇ. ಬೇರೊಬ್ಬರನ್ನು ಆ ಜಾಗಕ್ಕೆ ತಂದು ಮುಂದುವರಿದರು, ಆದರೆ ಅಣ್ಣನ ಹೆಬ್ಬೆರಳನ್ನು ಕೆಣಕಿ ಓಡಿಸುತ್ತಿದ್ದ ಆ ಬಾಸ್ ಮತ್ತೆ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಟಾಯ್, ಮೆಕಾರ್ಕಲ್ ಮತ್ತು ರಿಡಲ್ ಮೂವರೂ ಹೊರಬಂದರು. ಟಾಯ್ 1993ರ ಫೆಬ್ರವರಿಯಲ್ಲಿ, 45ನೆಯ ವಯಸ್ಸಿನಲ್ಲಿ, ಮನೆಯಲ್ಲಿಯೇ ತೀರಿಕೊಂಡ. ಮೆಕಾರ್ಕಲ್ 2007ರಲ್ಲಿ.

ಡಗ್ ಗ್ರೇ ಬ್ಯಾಂಡಿನ ಹೆಸರನ್ನು ಉಳಿಸಿಕೊಂಡು ಹೊಸಬರೊಡನೆ ದಶಕಗಟ್ಟಲೆ ಊರೂರು ತಿರುಗಿ ಹಾಡಿದ್ದಾನೆ. ಅದನ್ನು ಹೀಯಾಳಿಸುವವರಿದ್ದಾರೆ, ಮೂಲದವರು ಒಬ್ಬರೇ ಉಳಿದ ಮೇಲೆ ಅದೇನು ಬ್ಯಾಂಡು ಎಂದು. ನಾನು ಹೀಯಾಳಿಸಲಾರೆ. ಆದರೆ ನನ್ನ ವಕಾಲತ್ತು 1973ರಿಂದ 1980ರವರೆಗಿನ ಆಲ್ಬಂಗಳಿಗೆ ಮಾತ್ರ. ಅದರಲ್ಲಿಯೂ ಮೊದಲ ಐದಾರಕ್ಕೆ. 1978ರ ನಂತರದವುಗಳಲ್ಲಿ ಸಪ್ಪೆ ಹಾಡುಗಳಿವೆ ಎಂದು ನೀನು ಹೇಳಿದರೆ ನಾನು ಎದ್ದು ನಿಂತು ವಾದಿಸುವುದಿಲ್ಲ.

ಕೇಳುವ ಮನಸ್ಸಿದ್ದವರಿಗೆ ಕ್ರಮ ಹೇಳಿಬಿಡುತ್ತೇನೆ. ಮೊದಲು ಮಿಲ್ವಾಕಿಯ ತಟ್ಟೆ, ರಾತ್ರಿ ಊಟವಾದ ಮೇಲೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು. ಮರುದಿನ 1973ರ ಆಲ್ಬಂ ಪೂರ್ತಿ. ಆಮೇಲೆ 'ಸರ್ಚಿನ್ ಫಾರ್ ಎ ರೇನ್‌ಬೋ'. 'ಕಾಂಟ್ ಯು ಸೀ' ಅಷ್ಟರೊಳಗೆ ತಾನಾಗಿಯೇ ಸಿಕ್ಕಿರುತ್ತದೆ, ಪ್ರತ್ಯೇಕವಾಗಿ ಹುಡುಕಬೇಕಿಲ್ಲ. ಟಾಯ್ ಸಾಯುವ ಹಿಂದಿನ ವರ್ಷ, 1992ರಲ್ಲಿ, ತನ್ನ ಹೆಸರಿನಲ್ಲಿಯೇ ಒಂದು ಆಲ್ಬಂ ತಂದ. ವಿಲ್ಲಿ ನೆಲ್ಸನ್, ಗ್ರೆಗ್ ಆಲ್ಮನ್, ಚಾರ್ಲಿ ಡೇನಿಯಲ್ಸ್ ಎಲ್ಲರೂ ಅದರಲ್ಲಿ ಜೊತೆಗೂಡಿದ್ದಾರೆ. ಅದನ್ನು ನಾನು ಇನ್ನೂ ಅರ್ಧವಷ್ಟೇ ಕೇಳಿದ್ದೇನೆ. ಷಾರ್ಲಟ್‌ನ ಅಳಿಯ ಯುಗಾದಿಗೆ ಬರುವಾಗ ತಟ್ಟೆಯನ್ನೇ ತರುವುದಾಗಿ ಹೇಳಿದ್ದಾನೆ.